ಮೀಸೆ ಕತ್ತರಿಸಿದ ಮೀನು — ಏಳನೆಯ ಕಂತು

"ಹೆಣ್ಣು ಅಂತ ಹೇಳಿ ಕೊಟ್ಟಾರ್ರಿ. ಈಗ ನೋಡಿದ್ರ ಮೀಸಿ ಬರಾಕತ್ತಾವು."

ಸಾವಂತ್ರಮ್ಮ ಟೀಚರ್ ತೊಟ್ಟಿಯ ಗಾಜಿಗೆ ಬೆರಳಿಟ್ಟು ತೋರಿಸಿದರು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಪಕ್ಕದ ಮನೆಯೆಂದರೆ ಕಿಟಕಿ, ಕುರ್ಚಿ, ದೇವರ ಪಟ ಎಲ್ಲದರ ಮೇಲೂ ತೌಡಿನ ಹುಡಿ ಕೂತೇ ಇರುತ್ತದೆ. ಆ ಗಾಜು ಮಾತ್ರ ಫಳಫಳ ಎನ್ನುತ್ತಿತ್ತು. ಒಳಗೆ ಇಟ್ಟಿಗೆ ಬಣ್ಣದ ಪ್ಲೆಕೋ ಮೀನೊಂದು ಬಾಯಿಂದಲೇ ಗಾಜನ್ನು ಕಚ್ಚಿ ಹಿಡಿದು, ಗೋಡೆಯ ಮೇಲಿನ ಹಲ್ಲಿಯ ಹಾಗೆ ಅಂಟಿಕೊಂಡಿತ್ತು.

ನಂದಿನಿ ಬಗ್ಗಿ ನೋಡಿದಳು. ಮೀನಿನ ಮೂತಿಯ ಮೇಲೆ, ಎರಡು ಕಣ್ಣಿನ ನಡುವೆ, ಸಣ್ಣ ಸಣ್ಣ ಮೊಳಕೆಗಳೆದ್ದಿದ್ದವು. ಕ್ಷೌರದಂಗಡಿಗೆ ಹೋಗಿ ಬಂದು ನಾಲ್ಕಾರು ದಿನ ಕಳೆದವನ ಗಲ್ಲದ ಹಾಗೆ. ಎಲ್ಲವೂ ಒಂದೇ ಎತ್ತರಕ್ಕೆ.

ತಾನಾಗಿ ಬರುವ ಮೀಸೆ ಒಂದೆಳೆ ಉದ್ದ, ಒಂದೆಳೆ ಗಿಡ್ಡ ಇರುತ್ತದೆ. ಒಂದೇ ಸಮ ಇದೆಯೆಂದರೆ ಅಲ್ಲಿ ಕತ್ತರಿ ಆಡಿದೆ.

"ಟೀಚರ್, ಇದನ್ನ ಎಲ್ಲಿಂದ ತಂದ್ರಿ?"

"ಬಳ್ಳಾರ್ಯಾಗ, ಸಂಕರ್ಷಣರಾಯರ ಅಂಗಡ್ಯಾಗ. ನನ್ನ ಹತ್ರ ಒಂದು ಗಂಡಿತ್ತು. ಜೋಡಿ ಮಾಡೋಣಂತ ಹೆಣ್ಣು ಕೇಳಿದೆ. ಈಗ ಎರಡೂ ಗಂಡಾಗಿ ಹಗಲೆಲ್ಲ ಗುದ್ದಾಡ್ತಾವು. ಬ್ಯಾರೆ ಬ್ಯಾರೆ ಇಟ್ಟೀನಿ." ಟೀಚರ್ ಸೆರಗಿನಿಂದ ಗಾಜಿನ ಮೇಲಿನ ಹನಿ ಒರೆಸಿದರು. "ಒಂದು ಗಂಡಿಗೆ ನಾಕು ಹೆಣ್ಣು ಬೇಕಾಗ್ತಾವು ನೋಡ್ರಿ, ಹಿಂಗಾಗಿ ಹೆಣ್ಣಿಗೆ ಬೆಲಿ. ಹೆಣ್ಣು ಹುಟ್ಟಿದ್ರ ಖುಷಿ ಪಡೋರು ಅಂದ್ರ ಈ ಪ್ಲೆಕೋ ಮಾರೋರೊಬ್ಬರ."

ನಂದಿನಿಗೆ ನಗು ಬರಲಿಲ್ಲ. ಸಂಕರ್ಷಣರಾಯರ ಮೀನುಕೋಣೆಯಿಂದ ಹೆಣ್ಣು ಪ್ಲೆಕೋಗಳು ಕಳುವಾಗಿ, ಅವರಲ್ಲಿ ಕೆಲಸ ಬಿಟ್ಟು ಹೋಗಿದ್ದ ಭೀಮರಾಜನ ಷೆಡ್ಡಿನಲ್ಲಿ ಆರು ಮೀನು ಸಿಕ್ಕಿ, ಅವನು ಈಗ ಪೊಲೀಸರ ಕೈಯಲ್ಲಿದ್ದ. ಪತ್ತೇದಾರಿಕೆಯ ಕೆಲಸದ ಮೇಲೆ ಅಲ್ಲಿಗೆ ಹೋಗಿ ಅವನ್ನು ನೋಡಿದ್ದವಳು, ಅವು ಹೆಣ್ಣೇ ಹೌದೆಂದು ನಾಳೆ ಠಾಣೆಯಲ್ಲಿ ಹೇಳಿಕೆ ಕೊಡಬೇಕಾದವಳು ಇವಳು.

ಆ ಒಂದು ಮಾತಿನ ಮೇಲೆಯೇ ಎಲ್ಲ ನಿಂತಿತ್ತು. ಭೀಮರಾಜ ಕೆಲಸ ಬಿಟ್ಟಾಗ ರಾಯರು ಅವನಿಗೆ ಕೊಟ್ಟು ಕಳಿಸಿದ್ದು ಗಂಡು ಮೀನುಗಳನ್ನು ಮಾತ್ರ. ಅದನ್ನು ಅವನೂ ಒಪ್ಪುತ್ತಿದ್ದ. ಅವನ ಷೆಡ್ಡಿನಲ್ಲಿರುವುದು ಗಂಡಾದರೆ ಅವನದು. ಹೆಣ್ಣಾದರೆ ಕದ್ದದ್ದು.

ಅಂದು ಕುರುಗೋಡಿನ ಷೆಡ್ಡಿನಲ್ಲಿ ಭೀಮರಾಜ ಕೂಗಿಕೊಂಡಿದ್ದು ಈಗ ಕಿವಿಯಲ್ಲಿ ಎದ್ದಿತು. "ಇವು ಗಂಡು ರೀ. ನನ್ನ ಗಂಡು ಮೀನ ಇವು. ಯಾರೋ ಮೀಸಿ ಕತ್ತರ್ಸ್ಯಾರ." ಹೆಡ್ ಕಾನ್‌ಸ್ಟೇಬಲ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಮೀನಿಗೆ ಕಟಿಂಗ್ ಮಾಡಾಕ ಕುರುಗೋಡಿಗೆ ಯಾರ್ ಬಂದಿದ್ರಲೇ?"

ನಂದಿನಿಯೂ ನಕ್ಕಿದ್ದಳು. ಜೋರಾಗಿ ಅಲ್ಲ. ಆದರೂ ನಕ್ಕಿದ್ದಳು.

"ಮೀಸಿ ಇದ್ರ ಗಂಡು, ಇಲ್ಲಾಂದ್ರ ಹೆಣ್ಣು. ನನಗ ಕಲಿಸಿದ್ದು ಇಷ್ಟ ರೀ ಟೀಚರ್."

"ಅರ್ಧ ಪಾಠ ಕಲಿಸ್ಯಾರ." ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ದನಿ ಅದು, ನಿವೃತ್ತಿಯಾದರೂ ಇಳಿದಿರಲಿಲ್ಲ. "ನೀವು ಮದುವಿ ಗಂಡಿನ ವಿಚಾರಣಿ ಮಾಡೋರಲ್ಲೇನ್ರಿ? ಮೀಸಿ ಒಂದ ನೋಡಿ ಹುಡುಗ ಛಲೋ ಅದಾನಂತ ಬರದು ಕೊಡ್ತೀರೇನು?"

"ಇಲ್ರಿ."

"ಮತ್ತ? ಇದನ್ನೂ ಹಂಗ ವಿಚಾರಿಸಬೇಕು. ಬರ್ರಿ ಇಲ್ಲಿ."

ಅವರು ಅಗಲ ಬಾಯಿಯ ಗಾಜಿನ ಬರಣಿ ತಂದು ತೊಟ್ಟಿಯ ನೀರು ತುಂಬಿದರು. ಬಲೆ ಹಾಕಲಿಲ್ಲ. ಮೀನಿನ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದಂತೆ. ಒದ್ದೆ ಕೈಯನ್ನೇ ಮೀನಿನ ಕೆಳಗೆ ಹಿಡಿದು ಮೆಲ್ಲಗೆ ಎತ್ತಿ ಬರಣಿಗೆ ಬಿಟ್ಟರು. ಅದು ಒಂದು ಸುತ್ತು ಹೊಡೆದು ಗಾಜಿಗೆ ಬಾಯಿ ಒತ್ತಿತು. ಬಿಳಿಚಿದ ಹೊಟ್ಟೆ ಪೂರ್ತಿ ಕಂಡಿತು.

"ಮೊದಲು ಮ್ಯಾಲಿಂದ ನೋಡ್ರಿ. ಗಂಡಿಗೆ ತಲಿ ಅಗಲ, ಮೈ ಹಿಂದಕ್ಕ ಹೋದಂಗ ಸಣ್ಣ ಆಗ್ತದ. ಹೆಣ್ಣಿಗೆ ತಲಿ ಸಣ್ಣದು, ಹೊಟ್ಟಿ ಅಗಲ. ಈಗ ಕೆಳಗ ನೋಡ್ರಿ. ಹಿಂದಿನ ರೆಕ್ಕಿ ಹತ್ರ ಒಂದು ಸಣ್ಣ ಮೊಳಿ ಕಾಣ್ತೈತಿ ಹೌದಲ್ಲ?"

"ಹೌದ್ರಿ."

"ಅಕ್ಕಿಕಾಳಿನ ತುದಿ ಹಂಗ ಚೂಪಾಗಿ ಹೊರಗ ಬಂದಿದ್ರ ಗಂಡು. ಹೆಸರುಕಾಳು ಒತ್ತಿದಂಗ ದುಂಡಗ, ಅಗಲ ಇದ್ರ ಹೆಣ್ಣು. ಮೀಸಿ ಕತ್ತರಿಸಬಹುದು. ಇದನ್ನ ಕತ್ತರಿಸಾಕ ಬರಂಗಿಲ್ಲ."

ಚೂಪಾಗಿತ್ತು. ನಂದಿನಿ ಎರಡು ಸಲ ನೋಡಿದಳು. ಮೂರನೆಯ ಸಲವೂ ನೋಡಿದಳು. ಬಾಗಿಲಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡುವ ಜಾಯಮಾನ ಅವಳದು.

"ಈ ಅರ್ಧ ಪಾಠ ನಿಮಗ ಹೇಳಿಕೊಟ್ಟವ್ರು ಯಾರು?"

"ರಾಘಣ್ಣಾರು. ನನ್ನ ಜೋಡಿ ಕೆಲಸ ಮಾಡೋರು. ನನಗ ಈ ಕೆಲಸ ಕಲಿಸಿದವ್ರ ಅವ್ರು."

"ಅವ್ರಿಗೂ ಪಾಪ, ಗೊತ್ತಿದ್ದಿಲ್ಲೇನೋ. ಮೀನು ಸಾಕಿದವ್ರಲ್ಲ ಅಂತ ಕಾಣ್ತೈತಿ."

"ಸಾಕ್ಯಾರ್ರಿ. ಪಡಸಾಲ್ಯಾಗ ದೊಡ್ಡ ತೊಟ್ಟಿ ಐತಿ. ಪ್ಲೆಕೋ ಮರಿನೂ ಮಾಡಿಸ್ಯಾರ."

ಟೀಚರ್ ಬರಣಿಯನ್ನು ಮೇಜಿನ ಮೇಲಿಟ್ಟರು. ಅವರ ಮುಖದ ಮೇಲಿದ್ದ ಪಾಠದ ಹುರುಪು ಇಳಿಯಿತು.

"ಹಂಗಾದ್ರ ಗೊತ್ತಿಲ್ದ ಇರಾಕ ಸಾಧ್ಯ ಇಲ್ಲ ಬಿಡ್ರಿ," ಎಂದರು.

* * *

ಬಸ್ಸು ತೆಕ್ಕಲಕೋಟೆ ದಾಟುವ ತನಕ ನಂದಿನಿ ರಾಘಣ್ಣನವರ ಪರವಾಗಿಯೇ ವಾದ ಮಾಡುತ್ತಿದ್ದಳು, ತನ್ನೊಳಗೇ.

ಮರೆತಿರಬಹುದು. ಸುಲಭವಾಗಲೆಂದು ಮೀಸೆಯ ಗುರುತನ್ನಷ್ಟೇ ಹೇಳಿರಬಹುದು. ಅಥವಾ ಅವರು ಎಲ್ಲ ಹೇಳಿದ್ದಾಗ ತಾನೇ ಸರಿಯಾಗಿ ಕೇಳಿಸಿಕೊಳ್ಳದೆ ಇದ್ದಿರಬಹುದು. ಯಾವುದೇ ತಪ್ಪಿನ ಎದುರು ನಿಂತಾಗಲೂ ಮೊದಲು ತನ್ನ ಜೇಬನ್ನೇ ತಡವಿ ನೋಡಿಕೊಳ್ಳುವವಳು ಅವಳು.

ರಾಘಣ್ಣ ವಿಮಾ ಕಚೇರಿಯಲ್ಲಿ ತನಿಖೆಯ ಕೆಲಸ ಮಾಡಿ ನಿವೃತ್ತರಾದವರು. ಕೊಳಗಲ್ಲಿನಿಂದ ದಿನಾ ಬಸ್ಸಿಗೆ ಬಂದು ಅಲ್ಲಿ ಟೈಪು ಮಾಡುತ್ತಿದ್ದ ಹುಡುಗಿಯನ್ನು, ಅಂದರೆ ಇವಳನ್ನು, ಎದುರಿಗೆ ಕೂರಿಸಿಕೊಂಡು, ಸುಳ್ಳು ಹೇಳುವವನು ಕಣ್ಣು ತಪ್ಪಿಸುವುದಿಲ್ಲ, ಕಣ್ಣಲ್ಲಿ ಕಣ್ಣಿಟ್ಟೇ ಹೇಳುತ್ತಾನೆ ಎಂದು ಕಲಿಸಿದವರು. ಜೀನ್ಸ್ ಹೊಲಿಯುವ ಯೂನಿಟ್ಟಿನ ಮೇಲೆ ಪತ್ತೇದಾರಿ ಕಚೇರಿಗೆ ಕೋಣೆ ಹಿಡಿದಾಗ ಬೋರ್ಡಿನ ಮೇಲೆ ತಮ್ಮ ಹೆಸರಿನ ಪಕ್ಕದಲ್ಲಿ ಅವಳ ಹೆಸರನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿದರು. ಪೇಂಟರ್ ಅವಳ ಹೆಸರು ಸಣ್ಣದು ಮಾಡಿದ್ದನ್ನು ಅಳಿಸಿ ಮತ್ತೆ ಬರೆಸಿದರು. ಕೆಳಗಿನ ಹೊಲಿಗೆ ಯಂತ್ರಗಳ ಗದ್ದಲದಲ್ಲಿ ಅವಳು ನಿಂತು ಅತ್ತದ್ದು ಯಾರಿಗೂ ಕೇಳಿಸಿರಲಿಲ್ಲ.

ಅಂಥವರು.

ಆದರೆ ಹಂಪಮ್ಮ ಅಂದದ್ದೊಂದು ಮಾತು ವಾದಕ್ಕೆ ಬಗ್ಗುತ್ತಿರಲಿಲ್ಲ.

ಹಂಪಮ್ಮ ಎಂದರೆ ಭೀಮರಾಜನ ತಾಯಿ. ಪೊಲೀಸರೊಂದಿಗೆ ಇವರಿಬ್ಬರೂ ಷೆಡ್ಡಿನ ಬಾಗಿಲಿಗೆ ಹೋದಾಗ ಆ ಮುದುಕಿ ರಾಘಣ್ಣನವರ ಮುಖ ನೋಡಿ, "ಮತ್ತ ಬಂದ್ರೇನ್ರಿ?" ಎಂದಿದ್ದಳು. ರಾಘಣ್ಣ ನಕ್ಕು, "ವಯಸ್ಸಾಗ್ಯದ ಪಾಪ, ಯಾರನ್ನೋ ಅಂದುಕೊಂಡಾಳ," ಎಂದಿದ್ದರು. ನಂದಿನಿಯ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದ್ದರು.

ಅದಕ್ಕೆ ಮುಂಚೆ ಅವರು ಕುರುಗೋಡಿಗೆ ಹೋದದ್ದೇ ಇಲ್ಲವೆಂದು ಅವಳು ನಂಬಿದ್ದಳು. ಮುದುಕಿಗೆ ಮಬ್ಬು ಎಂದು ನಂಬುವುದು ಎಷ್ಟು ಸುಲಭವಾಗಿತ್ತು.

* * *

ಬಳ್ಳಾರಿ ಕಂಟೋನ್ಮೆಂಟಿನ ಮನೆಯ ಪಡಸಾಲೆಯಲ್ಲಿ ರಾಘಣ್ಣನವರ ಹೆಂಡತಿ ಲಕ್ಷ್ಮೀಬಾಯಿ ಕೊಬ್ಬರಿ ಬಟ್ಟಲುಗಳಿಗೆ ಜರಿ ಕಾಗದ ಅಂಟಿಸುತ್ತ ಕೂತಿದ್ದರು. ಸುತ್ತ ತಟ್ಟೆಗಳು, ಬಣ್ಣದ ದಾರದ ಉಂಡೆಗಳು, ಅಂಟಿನ ಬಟ್ಟಲು.

"ಬಾರೇ ನಂದಿನಿ, ಬಿಸಲಾಗ ಬಂದೀ. ಕೂಡು."

"ಏನು ವಿಶೇಷ ಅಮ್ಮಾರ?"

"ಅಯ್ಯ, ಇವ್ರು ಹೇಳಿಲ್ಲೇನು? ಶ್ರೀಕೃತಿದು ಗಟ್ಟಿ ಆತಲ್ಲ. ಮುಂದಿನ ವಾರ ನಿಶ್ಚಿತಾರ್ಥ." ಲಕ್ಷ್ಮೀಬಾಯಿ ಮಗಳ ಹೆಸರು ಹೇಳುವಾಗ ಜರಿ ಕಾಗದವನ್ನು ಎದೆಗೊತ್ತಿಕೊಂಡರು. "ಹುಡುಗ ಪ್ರಣವ. ಸಂಕರ್ಷಣರಾಯರ ಮಗ. ನಿನಗೇ ಗೊತ್ತಲ್ಲ, ನೀನೇ ವಿಚಾರಿಸಿ ಹೇಳಿದ್ದಂತ. ನಿನ್ನ ಬಾಯಿಗೆ ಸಕ್ಕರಿ ಹಾಕಬೇಕು."

ನಂದಿನಿ ತಟ್ಟೆಗಳನ್ನು ದಾಟಿ ಕೂರಲು ಹೋದವಳು ನಿಂತೇ ಬಿಟ್ಟಳು.

ಪ್ರಣವನ ವಿಚಾರಣೆ ಮಾಡಿದ್ದು ಹೌದು. ಹುಡುಗನಿಗೆ ದುಶ್ಚಟ ಇಲ್ಲ, ಮನೆತನ ನಂಬಿಕಸ್ತರದು ಎಂದು ಹೇಳಿದ್ದೂ ಹೌದು. ಕೇಳಿದ ಹೆಣ್ಣಿನ ಕಡೆಯವರು ಯಾರೆಂದಾಗ ರಾಘಣ್ಣ, "ಹೊಸಪೇಟಿ ಕಡೆಯವರು, ಹೆಸರು ಬ್ಯಾಡಂದಾರ," ಎಂದಿದ್ದರು. ಈ ಕೆಲಸದಲ್ಲಿ ಅದು ಮಾಮೂಲು. ಅವಳು ಮತ್ತೆ ಕೇಳಿರಲಿಲ್ಲ.

"ಕಾಫಿ ಇಡ್ತೀನಿ," ಎಂದು ಲಕ್ಷ್ಮೀಬಾಯಿ ಒಳಗೆ ಹೋದರು. ಅವರು ಹೋದ ಬಾಗಿಲಿನಿಂದಲೇ ರಾಘಣ್ಣ ಹೊರಗೆ ಬಂದರು. ಹೆಗಲ ಮೇಲೆ ಪಂಚೆ, ಕೈಯಲ್ಲಿ ಮೀನಿನ ಆಹಾರದ ಡಬ್ಬಿ.

"ಎಲ್ಲಿ ಹೋಗಿದ್ದಿ? ಫೋನ್ ಹಚ್ಚಿದೆ ಎರಡು ಸಲ."

"ಸಿರುಗುಪ್ಪಕ್ಕ."

"ಯಾಕ? ನಾಳೆ ಹೇಳಿಕೆ ಕೊಟ್ರ ಮುಗೀತಲ್ಲ."

"ಒಂದು ಮೀನು ನೋಡಿದೆ ರಾಘಣ್ಣಾರ. ಹೆಣ್ಣು ಅಂತ ಮಾರಿದ್ದು. ಮೀಸಿ ಬರಾಕತ್ತಾವು."

ಅವರು ತೊಟ್ಟಿಯ ಮೇಲೆ ಒಂದು ಚಿಟಿಕೆ ಆಹಾರ ಉದುರಿಸಿದರು. "ಕೆಲವೊಂದಕ್ಕ ತಡಾ ಆಗಿ ಬರ್ತಾವ."

"ಎಲ್ಲಾ ಒಂದ ಎತ್ತರಕ್ಕ ಬರ್ತಾವೇನ್ರಿ?"

ರಾಘಣ್ಣ ಇನ್ನೊಂದು ಚಿಟಿಕೆ ಉದುರಿಸಿದರು. ತೊಟ್ಟಿಯ ಅಂಚಿನಲ್ಲಿ ನೀರುಗಿಡ ಸವರುವ ಕತ್ತರಿಯಿತ್ತು. ತುದಿ ಬಾಗಿದ, ಸಣ್ಣ ಕತ್ತರಿ. ದಿನಾ ಅಲ್ಲೇ ಇರುತ್ತಿತ್ತು. ನಂದಿನಿ ಅದನ್ನು ಕೈಗೆತ್ತಿಕೊಂಡಳು.

"ಹೊಟ್ಟಿ ಕೆಳಗ ನೋಡಿದ್ರ ಗೊತ್ತಾಗ್ತೈತಂತ, ಗಂಡೋ ಹೆಣ್ಣೋ. ನೀವು ಅದನ್ನ ನನಗ ಹೇಳಲಿಲ್ಲ."

"ನೀ ಕೇಳಲಿಲ್ಲ."

"ಕುರುಗೋಡಿನ್ಯಾಗ ಹಂಪಮ್ಮ 'ಮತ್ತ ಬಂದ್ರೇನ್ರಿ' ಅಂದ್ಲು. ಮುದುಕಿಗೆ ಮಬ್ಬು ಅಂದ್ರಿ ನೀವು. ಅಕಿಗೆ ಮಬ್ಬು ಇದ್ದಿಲ್ಲ. ಭೀಮರಾಜ ಮನ್ಯಾಗ ಇಲ್ದಾಗ ಒಬ್ಬರ ಹೋಗಿದ್ರಿ. ಮೀನು ಕೊಳ್ಳೋರಂಗ ಹೋಗಿದ್ರಿ."

ರಾಘಣ್ಣ ಡಬ್ಬಿಯ ಮುಚ್ಚಳ ಹಾಕಿದರು. ಒಳಮನೆಯ ಕಡೆ ಒಮ್ಮೆ ನೋಡಿದರು.

"ದನಿ ಸಣ್ಣ ಮಾಡು. ಅಕಿಗೆ ಕೇಳಸ್ತದ."

ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದಳು. ಸಿಟ್ಟು ಮಾಡುತ್ತಾರೆ, ನಿನಗೆ ತಲೆ ಕೆಟ್ಟಿದೆಯೇ ಎನ್ನುತ್ತಾರೆ, ನಾನು ತಪ್ಪಾಯಿತೆಂದು ಕೈ ಮುಗಿಯುತ್ತೇನೆ. ಬಸ್ಸಿನಲ್ಲಿ ಅದಕ್ಕೂ ತಯಾರಾಗಿದ್ದಳು. ದನಿ ಸಣ್ಣ ಮಾಡು ಎಂಬ ಮಾತಿಗೆ ಮಾತ್ರ ಅವಳಲ್ಲಿ ಏನೂ ತಯಾರಿರಲಿಲ್ಲ.

"ಮೀನಿಗೆ ನೋವಾಗೋದಿಲ್ಲ," ಎಂದರು ರಾಘಣ್ಣ. "ಮತ್ತ ಬೆಳೀತಾವ. ರಾಯರ ಅಂಗಡ್ಯಾಗೂ ಇದನ್ನ ಮಾಡ್ತಾರ."

"ಭೀಮರಾಜಗ?"

"ಅವ ಏನು ಜೀವನಪರ್ಯಂತ ಒಳಗಿರೋದಿಲ್ಲ. ಹೆಸರೊಂದು ಕೆಟ್ರ ಸಾಕು, ಗಿರಾಕಿಗಳು ವಾಪಸು ರಾಯರ ಅಂಗಡಿಗೆ ಬರ್ತಾರ. ಹೈದರಾಬಾದಿನವರು ಸೈತ ಬ್ಯಾರೆ ಮೀನಿಗಂತ ಕುರುಗೋಡಿಗೆ ಹೋಗ್ಲಿಕತ್ತಿದ್ರು. ಬೀಗರಾಗೋರು ಒಂದು ಮಾತು ಕೇಳಿದ್ರು. ಮಗಳ ಲಗ್ನ ಎದುರಿಗೆ ಇಟಗೊಂಡು ಏನಂತ ಇಲ್ಲ ಅನ್ಲಿ?"

"ನೀವ ಕತ್ತರಿಸಿದ್ರಿ, ನೀವ ನೋಡಿದ್ರಿ. ಹೇಳಿಕೆನೂ ನೀವ ಕೊಡಬೇಕಿತ್ತು. ನನ್ನನ್ಯಾಕ ಕರಕೊಂಡು ಹೋದ್ರಿ?"

ರಾಘಣ್ಣ ಮೊದಲ ಸಲ ಅವಳ ಮುಖ ನೋಡಿದರು. ಆ ನೋಟದಲ್ಲಿ ಹಗೆಯಿರಲಿಲ್ಲ. ಪಾಠ ಹೇಳುವ ಹಳೆಯ ಪ್ರೀತಿಯೇ ಇತ್ತು, 'ಇಷ್ಟೂ ಹೊಳೀಲಿಲ್ಲೇನು' ಎನ್ನುವಂಥದು.

"ನಾ ಹೇಳಿದ್ರ ತಮ್ಮ ಜನದ ರಾಯರ ಕಡೆ ಮಾತಾಡಿದ್ರು ಅಂತಾರ. ಅವನ ಕಡೆಯವರು ಸಂಘ ಕಟಗೊಂಡು ಬರ್ತಾರ. ನೀ ಹೇಳಿದ್ರ ಯಾರೂ ಬಾಯಿ ತೆಗಿಯೋದಿಲ್ಲ. ನಿಮ್ಮ ಜನದಾಕಿ ನಿಮ್ಮ ಜನದವನ ಮ್ಯಾಲ ಸುಳ್ಳು ಹೇಳ್ತಾಳಂತ ಯಾರು ನಂಬ್ತಾರ?"



ನಂದಿನಿ ಕತ್ತರಿಯನ್ನು ತೊಟ್ಟಿಯ ಅಂಚಿಗೆ ವಾಪಸು ಇಟ್ಟಳು, ಮೊದಲಿದ್ದ ಜಾಗದಲ್ಲೇ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆಸಿದ ದಿನವೂ ಈ ಮನುಷ್ಯ ಹೀಗೇ ಯೋಚಿಸಿದ್ದನೇ? ಕೊಳಗಲ್ಲಿನ ಹುಡುಗಿಯ ಹೆಸರು ಮುಂದೊಂದು ದಿನ ಕೆಲಸಕ್ಕೆ ಬಂದೀತೆಂದು? ಇಲ್ಲ, ಆಗ ನಿಜವಾಗಿಯೇ ಪ್ರೀತಿಯಿತ್ತು ಎಂದುಕೊಳ್ಳಲು ಮನಸ್ಸು ಒದ್ದಾಡಿತು. ಯಾವುದು ಹೌದೋ ಇನ್ನು ಯಾವತ್ತೂ ತಿಳಿಯುವುದಿಲ್ಲ. ಒಂದು ಸುಳ್ಳಿಗೆ ಹಿಂದಿನ ವರ್ಷಗಳನ್ನೂ ತಿನ್ನುವ ಹಲ್ಲಿರುತ್ತದೆ.

"ನಾಳೆ ನಾನು ನಿಜ ಹೇಳ್ತೀನಿ," ಎಂದಳು. "ಆರಕ್ಕ ಆರೂ ಗಂಡು. ಮೀಸಿ ಕತ್ತರಿಸಿದವ್ರು ಯಾರನ್ನೋದೂ ಹೇಳ್ತೀನಿ."

"ಆರು ಅನಬ್ಯಾಡ."

"ಏನಂದ್ರಿ?"

"ಹೇಳೋದಿದ್ರ ಹೇಳು. ನಾ ನಿನ್ನ ಕೈ ಹಿಡಿಯೋದಿಲ್ಲ. ಆದ್ರ ಆರು ಅನಬ್ಯಾಡ, ನಗೆಗೀಡಾಗ್ತಿ." ರಾಘಣ್ಣ ಪಂಚೆಯಿಂದ ಕೈ ಒರೆಸಿಕೊಂಡರು. "ನಾ ಕತ್ತರಿ ಹಚ್ಚಿದ್ದು ಐದಕ್ಕ. ಆರನೇದಕ್ಕ ಮೀಸಿನೇ ಇದ್ದಿಲ್ಲ."

"ಸುಳ್ಳು."

"ಹೋಗಿ ನೋಡು. ಹೊಟ್ಟಿ ಕೆಳಗ ನೋಡೋದು ಈಗ ಕಲ್ತೀಯಲ್ಲ. ಅಪ್ಪಟ ಹೆಣ್ಣು ಅದು, ರಾಯರ ತೊಟ್ಟೀದು. ನಾ ಇಡಲಿಲ್ಲ. ನನಗೂ ಅದನ್ನ ನೋಡಿ ಆಶ್ಚರ್ಯ ಆತು. ನಿನ್ನ ಭೀಮರಾಜ ನಿನಗ ಏನು ಹೇಳ್ಯಾನೋ ನನಗ ಗೊತ್ತಿಲ್ಲ."

ಲಕ್ಷ್ಮೀಬಾಯಿ ಸ್ಟೀಲಿನ ಲೋಟದಲ್ಲಿ ಕಾಫಿ ತಂದರು. ನಂದಿನಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

"ಕುಡೀದ ಹೊಂಟೀಯೇನು? ನಿಶ್ಚಿತಾರ್ಥಕ್ಕ ತಪ್ಪಸಬ್ಯಾಡ ಮತ್ತ."

* * *

ಕುರುಗೋಡಿನಲ್ಲಿ ಬಸ್ಸಿಳಿದಾಗ ಗುಡ್ಡದ ಬಂಡೆಗಳ ಮೇಲೆ ಇನ್ನೂ ಬಿಸಿಲಿತ್ತು. ಮನೆಯ ಹಿಂದಿನ ತಗಡಿನ ಷೆಡ್ಡು, ಸಾಲಾಗಿ ಸಿಮೆಂಟಿನ ತೊಟ್ಟಿಗಳು. ಮೀನುಗಳನ್ನು ಠಾಣೆಗೆ ಒಯ್ದು ಸಾಕುವವರು ಯಾರೆಂದು ಪೊಲೀಸರು ಅವನ್ನು ಹಂಪಮ್ಮನ ಸುಪರ್ದಿಗೇ ಬಿಟ್ಟು ಹೋಗಿದ್ದರು. ಮಗನ ಮೇಲಿನ ಸಾಕ್ಷಿಗೆ ತಾಯಿಯೇ ದಿನಾ ಸೌತೆಕಾಯಿ ಹೋಳು ಹಾಕುತ್ತಿದ್ದಳು.

"ಬಂದೇನವ್ವ," ಎಂದಳು ಹಂಪಮ್ಮ, ಕಟ್ಟೆಯಿಂದ ಏಳದೆ. "ಇನ್ನ ಏನ್ ಉಳದೈತಿ ಒಯ್ಯಾಕ?"

"ಒಯ್ಯಾಕ ಬಂದಿಲ್ಲಬೇ. ಮೀನು ಇನ್ನೊಮ್ಮಿ ನೋಡಬೇಕು. ಒಂದು ಗಾಜಿನ ಬರಣಿ ಕೊಡ್ತಿ?"

"ಅವತ್ತ ನೋಡಿದ್ದಿ. ಕಣ್ಣಿಗೆ ಬಟ್ಟಿ ಕಟಗೊಂಡು ಬಂದಿದ್ದೇನು?"

"ಹೌದಬೇ. ಕಟಗೊಂಡ ಬಂದಿದ್ದೆ."

ಮುದುಕಿ ಅವಳನ್ನು ದಿಟ್ಟಿಸಿ ನೋಡಿದಳು. ಎದ್ದು ಹೋಗಿ, ಬೆಲ್ಲದ ಬರಣಿ ಬರಿದು ಮಾಡಿ ತೊಳೆದು ತಂದಳು. ಅಷ್ಟರಲ್ಲಿ ಓಣಿಯಲ್ಲಿ ಯಾರೋ "ನೀರು ಬಂತು, ನೀರು ಬಂತು" ಎಂದರು. ನಲ್ಲಿ ಬರುವುದೇ ಅಪರೂಪ. ಹಂಪಮ್ಮ ಎರಡು ಕೊಡ ಸೊಂಟಕ್ಕೇರಿಸಿ ಓಡಿದಳು.

ನಂದಿನಿ ಆರೂ ಮೀನುಗಳನ್ನು ತೊಟ್ಟಿಯಿಂದ ನೀರು ತುಂಬಿದ ಅಗಲವಾದ ಪ್ಲಾಸ್ಟಿಕ್ ಬುಟ್ಟಿಗೆ ಬಿಟ್ಟುಕೊಂಡಳು. ಒದ್ದೆ ಕೈಯಿಂದ ಒಂದೊಂದನ್ನೇ ಬರಣಿಗೆ ಎತ್ತಿದಳು.

ಮೊದಲನೆಯದು. ಹಣೆಯ ಮೇಲೆ ಕತ್ತರಿಸಿದ ಮೊಳಕೆಗಳು, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು. ಹೊಟ್ಟೆಯ ಕೆಳಗೆ ಚೂಪು. ಗಂಡು. ಎರಡನೆಯದೂ ಗಂಡು. ಮೂರು, ನಾಲ್ಕು, ಐದು. ಒಂದೊಂದು ಗಂಡಿಗೂ ಅವಳ ಎದೆ ಹಗುರವಾಗುತ್ತ ಹೋಯಿತು. ರಾಘಣ್ಣನ ಕೊನೆಯ ಮಾತು ಬರೀ ಬೆದರಿಕೆ, ಹೋಗುವವಳ ಕಾಲಿಗೆ ಎಸೆದ ಮುಳ್ಳು.

ಆರನೆಯದರ ಬಾಲದ ಅಂಚು ಕಚ್ಚಿದಂತೆ ಹರಿದಿತ್ತು. ಮೇಲಿಂದ ನೋಡಿದಳು. ತಲೆ ಸಣ್ಣದು. ಹೊಟ್ಟೆ ಬಸುರಿಯದಂತೆ ಅಗಲ. ಹಣೆ ನುಣ್ಣಗೆ, ಕತ್ತರಿ ಎಂದೂ ತಾಗದಷ್ಟು ನುಣ್ಣಗೆ. ಅದು ಬರಣಿಯ ಗಾಜಿಗೆ ಬಾಯಿ ಒತ್ತಿತು.

ದುಂಡಗೆ, ಅಗಲಕ್ಕೆ. ಹೆಸರುಕಾಳು ಒತ್ತಿದ ಹಾಗೆ.

ಎರಡನೆಯ ಸಲ ನೋಡಿದಳು. ಮೂರನೆಯ ಸಲ ನೋಡಲು ಕಣ್ಣು ಒಪ್ಪಲಿಲ್ಲ.

ಮೊನ್ನೆ ಲಾಕಪ್ಪಿನ ಸರಳು ಹಿಡಿದುಕೊಂಡು ಭೀಮರಾಜ ಅಂದಿದ್ದ. "ನಮ್ಮವ್ವನ ಆಣಿ ಅಕ್ಕಾ. ನನ್ನ ಷೆಡ್ನ್ಯಾಗ ಹೆಣ್ಣು ಅನ್ನೋದು ಒಂದೂ ಇಲ್ಲ. ನಾ ಬ್ಯಾರೆದವ್ರ ಮಾಲು ಮುಟ್ಟಾಂವ ಅಲ್ಲ." ಅಕ್ಕಾ ಎಂದಿದ್ದ. ಆ ಒಂದು ಮಾತಿಗೇ ಅವಳು, ಮೀನು ಬಲ್ಲ ಟೀಚರನ್ನು ಕೇಳಲೆಂದು, ಸಿರುಗುಪ್ಪದ ಬಸ್ಸು ಹತ್ತಿದ್ದಳು.

ಬಳ್ಳಾರಿಯಲ್ಲಿ ತನ್ನನ್ನು ಮಗಳಂತೆ ಕಂಡವನು. ಕುರುಗೋಡಿನಲ್ಲಿ ತನ್ನನ್ನು ಅಕ್ಕ ಅಂದವನು. ಒಂದೇ ದಿನದಲ್ಲಿ ಇಬ್ಬರೂ. ನಂದಿನಿ ಹೆಣ್ಣು ಮೀನನ್ನು ಉಳಿದವುಗಳ ಜೊತೆ ಬುಟ್ಟಿಗೆ ಬಿಟ್ಟು, ಒದ್ದೆ ಕೈಯನ್ನು ಒರೆಸಿಕೊಳ್ಳದೆ ಹಾಗೇ ಕೂತಳು.

ಹಂಪಮ್ಮ ತುಂಬಿದ ಕೊಡ ಹೊತ್ತು ಬಂದಳು.

"ಏನ್ ಕಂಡ್ತು?"

"ಐದು ಗಂಡಬೇ. ನಿನ್ನ ಮಗ ಹೇಳಿದ್ದು ಖರೆ, ಮೀಸಿ ಕತ್ತರಿಸ್ಯಾರ. ಯಾರು ಕತ್ತರಿಸ್ಯಾರಂತನೂ ಗೊತ್ತಾತು." ಅವಳು ಬರಣಿಯನ್ನು ಪಕ್ಕಕ್ಕಿಟ್ಟಳು. "ಆದ್ರ ಒಂದು ಹೆಣ್ಣೈತಿ. ರಾಯರ ತೊಟ್ಟೀದು. ನಾಳೆ ಅವ್ರು ಅದನ್ನ ಹಿಡದು ಕೇಳಿದ್ರ, ಐದು ಗಂಡಿನ ಮಾತು ಯಾರೂ ಕಿವಿಗೆ ಹಾಕ್ಕೊಳ್ಳಂಗಿಲ್ಲ. ಅದು ಹೆಂಗ ಬಂತು?"

ಮುದುಕಿ ಕೊಡವನ್ನು ಇಳಿಸಲು ಬಹಳ ಹೊತ್ತು ತೆಗೆದುಕೊಂಡಳು. ನೀರು ತುಳುಕಿ ಅವಳ ಕಾಲು ತೋಯ್ದಿತು.

"ನಾ ತಂದದ್ದು," ಎಂದಳು.

"ನೀನು?"

"ರಾಯರ ಅಂಗಡ್ಯಾಗ ಕಸ ಹೊಡಿಯಾಕ ಹೋಗ್ತಿದ್ನೆಲ್ಲ ಮೊದಲು. ಒಂದಿನ ಊಟದ ಡಬ್ಬ್ಯಾಗ ಹಾಕ್ಕೊಂಡು ಬಂದೆ. ನನ್ನ ಮಗ ಬೆಳಸಿದ ಮೀನ ಅವೆಲ್ಲ, ಒಂದು ಹೆಣ್ಣಿದ್ರ ಅವನ ದಂಧೆ ನಡೀತೈತಿ ಅಂತ. ಅವಗ ಗೊತ್ತಿಲ್ಲ. ತೊಟ್ಟ್ಯಾಗ ಸುಮ್ನ ಬಿಟ್ಟೆ." ಹಂಪಮ್ಮ ಬಂದು ಬುಟ್ಟಿಯ ಆಚೆ ಕುಕ್ಕರಗಾಲಲ್ಲಿ ಕೂತಳು. "ಹೋಗಿ ಹಂಗ ಹೇಳವ್ವ. ಮಗನ್ನ ಬಿಡ್ಲಿ, ನನ್ನ ಒಯ್ಲಿ. ನನಗೇನು, ಅಲ್ಲಿನೂ ಒಂದು ಮುದ್ದಿ ಹಾಕ್ತಾರ."

ನಂಬಿಬಿಡಬೇಕು ಎನಿಸಿತು ನಂದಿನಿಗೆ. ನಂಬಿದರೆ ಭೀಮರಾಜನ ಆಣೆ ಆಣೆಯಾಗಿಯೇ ಉಳಿಯುತ್ತದೆ. ಅಕ್ಕಾ ಎಂದದ್ದೂ ಉಳಿಯುತ್ತದೆ. ನಂಬುವುದು ಎಷ್ಟು ಸುಲಭ. ಮುದುಕಿಗೆ ಮಬ್ಬು ಎಂದಾಗಲೂ ಅಷ್ಟೇ ಸುಲಭವಾಗಿತ್ತು.

"ಹಂಪಮ್ಮ, ಈಗ ಎಲ್ಲಾ ಒಂದ ನಮೂನಿ ಕಾಣ್ತಾವು. ನೀ ತಂದದ್ದು ನಿನಗ ಗುರುತು ಸಿಗ್ತೈತೇನು?"

"ಸಿಗದ ಏನು? ಕೈಯಾರ ಹಿಡಕೊಂಡು ಬಂದೀನಿ. ಸಾವಿರದಾಗ ಇದ್ರೂ ಹಿಡೀತೀನಿ."

"ತೋರಿಸು ಹಂಗಾರ."

ಹಂಪಮ್ಮ ಬುಟ್ಟಿಯ ಮೇಲೆ ಬಗ್ಗಿದಳು. ತಳದಲ್ಲಿ ಆರು ಮೀನುಗಳು ಒಡೆದ ಹೆಂಚಿನ ಚೂರುಗಳ ಹಾಗೆ ಮಲಗಿದ್ದವು. ಹರಿದ ಬಾಲದ ಹೆಣ್ಣು ನಂದಿನಿಯ ಮೊಣಕಾಲಿನ ಹತ್ತಿರ, ಬುಟ್ಟಿಯ ಅಂಚಿಗೆ ಒರಗಿತ್ತು. ಹಸಿರು ಬಳೆಯ ಕೈ ನೀರಿನ ಮೇಲೆ ಆಚೆ ಹೋಯಿತು, ಈಚೆ ಬಂತು. ಮುದುಕಿ ಒಂದು ಸಲ ನಂದಿನಿಯ ಮುಖ ನೋಡಿದಳು, ಅಲ್ಲೇನಾದರೂ ಉತ್ತರ ಬರೆದಿದೆಯೋ ಎಂಬಂತೆ. ಆಮೇಲೆ ಕೈ ನೀರಿಗಿಳಿಯಿತು.

"ಇದ."

"ಖಾತ್ರಿ ಏನಬೇ?"

"ನನ್ನ ಮಗನ ಆಣಿ," ಎಂದಳು ಹಂಪಮ್ಮ.

ಅವಳ ಬೆರಳು ಇದ್ದದ್ದು ಗಂಡು ಮೀನಿನ ಮೇಲೆ.